ಇಪ್ಪತ್ತು ಹುಣಸೆಬೀಜ ಇಟ್ಟುಕೊಂಡು ಕೆರೆಯ ಅಪಾಯ ಲೆಕ್ಕ ಹಾಕುವುದು ಹೇಗೆ

ನಮ್ಮ ಕೆರೆಯಲ್ಲಿ ಮೀನು ಸತ್ತ ಬೆಳಿಗ್ಗೆ ನಾನು ಏರಿಯ ಮೇಲೆ ನಿಂತು ಎಣಿಸುತ್ತಿದ್ದೆ. ನಾನೂರು ದಾಟಿದ ಮೇಲೆ ಕೈಬಿಟ್ಟೆ. ಹೆಚ್ಚಿನವು ಕಾಟ್ಲಾ, ರೋಹು. ಏಪ್ರಿಲ್ ಕೊನೆ, ಭರಣಿ ಮಳೆಯ ದಿನಗಳು. ಎರಡು ದಿನ ಹಿಂದೆ ವರ್ಷದ ಮೊದಲ ಜೋರು ಮಳೆ ಬಿದ್ದಿತ್ತು.

ಏರಿಯ ಮೇಲೆ ಜಗಳ ಶುರುವಾಯಿತು. ಒಬ್ಬರು ಕೊಳಚೆ ನೀರು ಅಂದರು. ಇನ್ನೊಬ್ಬರು ಬಿಸಿಲು ಅಂದರು. ಪಾಚಿ ಅಂದರು, ಯಾರೋ ವಿಷ ಹಾಕಿದ್ದಾರೆ ಅಂದರು. ಕೆರೆ ನೋಡಿಕೊಳ್ಳಬೇಕಾದ ಕಚೇರಿಯವರು ಹಿಂದಿನ ವಾರವಷ್ಟೇ "ಎಲ್ಲ ಸರಿ ಇದೆ" ಎಂದು ಬರೆದುಕೊಟ್ಟಿದ್ದರು. ನಾನು ಪ್ರೌಢಶಾಲೆಯಲ್ಲಿ 26 ವರ್ಷ ಗಣಿತ ಹೇಳಿಕೊಟ್ಟವಳು. ಅವತ್ತು ನನಗೆ ಅನ್ನಿಸಿದ್ದು ಇಷ್ಟೇ: ಎಲ್ಲರ ಮಾತಿನಲ್ಲೂ ಸ್ವಲ್ಪ ನಿಜ ಇದೆ, ಆದರೆ ಯಾವ ಮಾತಿಗೆ ಎಷ್ಟು ತೂಕ ಅಂತ ಯಾರೂ ಹೇಳುತ್ತಿಲ್ಲ. ಆ ತೂಕ ಹಾಕುವ ಕೆಲಸವನ್ನು ನಮ್ಮ ಕೆರೆ ಗುಂಪು ಕಲಿತದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಊರಿನ ಕೆರೆ, ಹೊಳೆ, ಜೌಗು ಯಾವುದಕ್ಕಾದರೂ ಇದೇ ದಾರಿ ನಡೆಯುತ್ತದೆ.

ಇದಕ್ಕೆ ಬೇಯ್ಸಿಯನ್ ನೆಟ್‌ವರ್ಕ್ ಎನ್ನುತ್ತಾರೆ. ಅಂದರೆ ಕಾರಣ, ಪರಿಣಾಮಗಳನ್ನು ಚೌಕ, ಬಾಣಗಳಿಂದ ಜೋಡಿಸಿ, ಒಂದೊಂದಕ್ಕೂ ಸಾಧ್ಯತೆಯ ಅಂಕಿ ಕೊಡುವ ಜಾಲ. ಆ ಹೆಸರು ಕೊಟ್ಟವರು ಕಂಪ್ಯೂಟರ್ ವಿಜ್ಞಾನಿ ಜೂಡಿಯಾ ಪರ್ಲ್, 1985ರಲ್ಲಿ. ಒಳಗಿರುವ ಲೆಕ್ಕ ಥಾಮಸ್ ಬೇಯ್ಸ್ ಅವರದು, ಅದು ಹೊರಬಂದದ್ದು 1763ರಲ್ಲಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಗೋಲ್ಬರ್ನ್ ನದಿ ಕಣಿವೆಯಲ್ಲಿ ಅಲ್ಲಿನ ಸ್ಥಳೀಯ ಮೀನುಗಳಿಗೆ ಏನು ಅಪಾಯ ಎಂದು ನೋಡಲು ಮೊನಾಶ್ ವಿಶ್ವವಿದ್ಯಾಲಯದವರು ಇಂಥದೇ ಜಾಲ ಕಟ್ಟಿದ್ದರು. ಅಳತೆಗಳು ಸಾಲದ ಕಡೆ ನದಿ ಬಲ್ಲವರ ಅಂದಾಜನ್ನು ಸೇರಿಸಿಕೊಂಡರು. ನಮಗೆ ಧೈರ್ಯ ಬಂದದ್ದು ಅದರಿಂದಲೇ. ನಮ್ಮ ಹತ್ತಿರವೂ ಅಳತೆ ಕಡಿಮೆ, ಕೆರೆ ಬಲ್ಲವರು ಜಾಸ್ತಿ.

ಮೊದಲು ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ

"ಕೆರೆ ಚೆನ್ನಾಗಿದೆಯಾ?" ಎಂಬ ಪ್ರಶ್ನೆಯಿಂದ ಏನೂ ಹುಟ್ಟುವುದಿಲ್ಲ. ನಾವು ಮೂರು ಭಾನುವಾರ ಕೂತು ಬರೆದ ಪ್ರಶ್ನೆ ಇದು: "ಏಪ್ರಿಲ್, ಮೇ ತಿಂಗಳ ಯಾವುದೋ ಒಂದು ವಾರದಲ್ಲಿ, ಒಂದೇ ಬೆಳಿಗ್ಗೆ 50ಕ್ಕಿಂತ ಜಾಸ್ತಿ ಸತ್ತ ಮೀನು ತೇಲುವ ಸಾಧ್ಯತೆ ಎಷ್ಟು?" ಇದರಲ್ಲಿ ಜಾಗ ಇದೆ, ಕಾಲ ಇದೆ, ಎಣಿಸಬಹುದಾದ ಸಂಖ್ಯೆ ಇದೆ. ವಾರ ಮುಗಿದಾಗ ಆಯಿತೋ ಇಲ್ಲವೋ ಎಂದು ಇಬ್ಬರು ಜಗಳವಾಡುವಂತಿಲ್ಲ. ನಿಮ್ಮದು ಹೊಳೆಯಾದರೆ "ಜೂನ್ ತಿಂಗಳಲ್ಲಿ ಸೇತುವೆ ಕಂಬದ ಕೆಂಪು ಗೆರೆ ಮುಳುಗುತ್ತದಾ" ಅಂತಿರಬಹುದು. ಜೌಗಾದರೆ "ಡಿಸೆಂಬರ್ ಹೊತ್ತಿಗೆ ಮೊಣಕಾಲುದ್ದ ನೀರು ಉಳಿದಿರುತ್ತದಾ" ಅಂತಿರಬಹುದು.

ಆಮೇಲೆ ನಡೆಯಿರಿ. ಕಾಗದ ತೆಗೆಯುವ ಮುಂಚೆ ನಾವು ಆರು ಜನ ರಾಜಕಾಲುವೆಯ ಉದ್ದಕ್ಕೂ ಮೇಲಿನ ಕೆರೆಯ ಕೋಡಿಯ ತನಕ ನಡೆದೆವು. ಬೆಂಗಳೂರು ಏರು ದಿಬ್ಬದ ಮೇಲೆ ಕೂತ ಊರು. ಇಲ್ಲಿ ಒಂದು ಕೆರೆಯ ಕೋಡಿ ನೀರೇ ಕೆಳಗಿನ ಕೆರೆಯ ಒಳಹರಿವು. ಕೋರಮಂಗಲ ಚಲ್ಲಘಟ್ಟ ಕಣಿವೆ ಮತ್ತು ಹೆಬ್ಬಾಳ ಕಣಿವೆಯ ನೀರು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ವೃಷಭಾವತಿಯ ನೀರು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ನಿಮ್ಮ ಕೆರೆ ಯಾವ ಸರಪಳಿಯ ಎಷ್ಟನೇ ಕೊಂಡಿ ಅನ್ನುವುದು ಗೊತ್ತಿಲ್ಲದೆ ಮುಂದಿನ ಹೆಜ್ಜೆ ಇಡಬೇಡಿ. ನಡೆದಾಗಲೇ ನಮಗೆ ಕಂಡದ್ದು, ಒಳಚರಂಡಿಯ (ಯುಜಿಡಿ) ಮ್ಯಾನ್‌ಹೋಲ್ ಉಕ್ಕಿ ಕಾಲುವೆಗೆ ಸೇರುವ ಎರಡು ಜಾಗ. ಯಾವ ನಕ್ಷೆಯಲ್ಲೂ ಅವು ಇರಲಿಲ್ಲ.

ಚೌಕ ಮತ್ತು ಬಾಣ

ದೊಡ್ಡ ಹಾಳೆಯ ಬಲತುದಿಯಲ್ಲಿ "ಮೀನು ಸಾವು" ಎಂದು ಒಂದು ಚೌಕ ಬರೆಯಿರಿ. ಅದಕ್ಕೆ ನೇರ ಕಾರಣ ಏನು? ಉಸಿರಿಲ್ಲದಿರುವುದು. ಹಾಗಾಗಿ ಅದರ ಎಡಕ್ಕೆ "ಮುಂಜಾನೆ ಆಮ್ಲಜನಕ ಕುಸಿತ". ಅದಕ್ಕೆ ಏನು ಕಾರಣ? "ಕೊಳಚೆ ಒಳಹರಿವು" ಮತ್ತು "ಮೊದಲ ಜೋರು ಮಳೆ". ಕಾರಣದಿಂದ ಪರಿಣಾಮಕ್ಕೆ ಬಾಣ ಎಳೆಯಿರಿ.

ಮೊದಲ ಸಲ ನಮ್ಮ ಹಾಳೆಯಲ್ಲಿ 19 ಚೌಕ ಇದ್ದವು. ಅಂತರಗಂಗೆ, ಹೂಳು, ಗಣೇಶ ಮೂರ್ತಿ, ಬಟ್ಟೆ ಒಗೆಯುವುದು, ಎಲ್ಲ. ಯಾರಿಗೂ ನೋವಾಗಬಾರದು ಅಂತ ಎಲ್ಲವನ್ನೂ ಸೇರಿಸಿದ್ದೆವು. ಅದು ತಪ್ಪು. ಒಂದು ಚೌಕಕ್ಕೆ ಮೂರು ಕಡೆಯಿಂದ ಬಾಣ ಬಂದು, ಪ್ರತಿಯೊಂದಕ್ಕೂ ಮೂರು ಸ್ಥಿತಿ ಇದ್ದರೆ 27 ಸಾಲು ತುಂಬಬೇಕು. ಅಷ್ಟು ಅಂದಾಜನ್ನು ಯಾರೂ ಮನಸ್ಸಿಟ್ಟು ಕೊಡಲಾರರು. ಮೊದಲ ವರ್ಷ ನಾಲ್ಕು ಚೌಕ ಸಾಕು, ಒಂದೊಂದಕ್ಕೆ ಎರಡೇ ಸ್ಥಿತಿ ಸಾಕು.

ಬಾಣಗಳು ಸುತ್ತು ಹೊಡೆದು ಹೊರಟ ಜಾಗಕ್ಕೇ ಬರಬಾರದು. ಕೆರೆಯಲ್ಲಿ ಮಾತ್ರ ಇಂಥ ಸುತ್ತು ನಿಜವಾಗಿಯೂ ಇದೆ: ಆಮ್ಲಜನಕ ಇಳಿದರೆ ತಳದ ಹೂಳಿನಿಂದ ರಂಜಕ ಬಿಡುಗಡೆಯಾಗುತ್ತದೆ, ಅದರಿಂದ ಪಾಚಿ ಹೆಚ್ಚುತ್ತದೆ, ಆ ಪಾಚಿ ರಾತ್ರಿ ಮತ್ತೆ ಆಮ್ಲಜನಕ ಕುಡಿಯುತ್ತದೆ. ಅದನ್ನು ತೋರಿಸಬೇಕಾದರೆ "ಈ ವಾರದ ಪಾಚಿ", "ಮುಂದಿನ ವಾರದ ಪಾಚಿ" ಎಂದು ಎರಡು ಚೌಕ ಮಾಡಿ.

ಪ್ರತಿ ಚೌಕದ ಕೆಳಗೆ ಅಳತೆ ಬರೆಯಿರಿ. "ಜೋರು ಮಳೆ" ಅಂದರೆ ನಮಗೆ, 15 ದಿನ ಒಣಗಿದ ಮೇಲೆ ಒಂದೇ ದಿನ 25 ಮಿಲಿಮೀಟರ್‌ಗಿಂತ ಜಾಸ್ತಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಊರೂರಿಗೂ ಇವೆ, ಹತ್ತಿರದ್ದನ್ನು ನೋಡಿ. "ಕೊಳಚೆ ಜಾಸ್ತಿ" ಅಂದರೆ, ವಾರದ ಮೂರು ಭೇಟಿಯಲ್ಲಿ ಎರಡು ಸಲವಾದರೂ ಕಪ್ಪು ನೀರು ತಿರುವು ಕಾಲುವೆ (ಕೊಳಚೆಯನ್ನು ಕೆರೆಯ ಪಕ್ಕದಿಂದ ಸಾಗಿಸುವ ಕಾಲುವೆ) ದಾಟಿ ಕೆರೆಯೊಳಗೆ ಬರುತ್ತಿತ್ತು ಅಂತ.

ಆಮ್ಲಜನಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಮುದ್ರ ಮಟ್ಟದಲ್ಲಿ 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಬೆಂಗಳೂರಿನ ಎತ್ತರದಲ್ಲಿ ಅದು ಹೆಚ್ಚುಕಮ್ಮಿ ಹತ್ತನೇ ಒಂದು ಭಾಗ ಕಡಿಮೆ. ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಮೀನುಗಾರಿಕೆಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಡಿ ವರ್ಗ ಹೇಳುತ್ತದೆ. ನಾವು 2ಕ್ಕಿಂತ ಕೆಳಗೆ ಹೋದರೆ "ಕುಸಿತ" ಎಂದು ಕರೆದೆವು. ಮುಖ್ಯವಾದದ್ದು ಹೊತ್ತು. ಹಸಿರು ಕೆರೆಯಲ್ಲಿ ಮಧ್ಯಾಹ್ನ 3 ಗಂಟೆಗೆ ಅಳೆದರೆ ಪಾಚಿಯ ಕೃಪೆಯಿಂದ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಅದೇ ಪಾಚಿ ರಾತ್ರಿಯೆಲ್ಲ ಉಸಿರಾಡಿ, ಸೂರ್ಯ ಹುಟ್ಟುವ ಮುಂಚೆ ನೀರನ್ನು ಬರಿದು ಮಾಡಿರುತ್ತದೆ. ನಮ್ಮ ಕೆರೆಗೆ ಬರುತ್ತಿದ್ದ ವರದಿಗಳೆಲ್ಲ ಹಗಲಿನವು. ಬೆಳಿಗ್ಗೆ ಐದೂವರೆಗೆ ಬಾಟಲಿ ಮುಳುಗಿಸಿದ ಮೇಲೆಯೇ ನಮಗೆ ನಿಜ ಗೊತ್ತಾದದ್ದು. ಮೀಟರ್ ಇಲ್ಲದಿದ್ದರೆ ವಿಂಕ್ಲರ್ ಕಿಟ್ (ರಾಸಾಯನಿಕ ಹಾಕಿ ಆಮ್ಲಜನಕ ಅಳೆಯುವ ಪೆಟ್ಟಿಗೆ) ಸಾಕು. ಬಾಟಲಿಯಲ್ಲಿ ಒಂದು ಗಾಳಿಗುಳ್ಳೆಯೂ ಉಳಿಯಬಾರದು, ಅಷ್ಟು ನೋಡಿಕೊಳ್ಳಿ.

ಬೀಜ ಹಂಚುವುದು

ಇದು ನನಗೆ ತುಂಬ ಇಷ್ಟವಾದ ಭಾಗ. "ಸಂಭವನೀಯತೆ ಎಷ್ಟು ಶೇಕಡಾ?" ಎಂದು ಕೇಳಿದರೆ ಜನ ಮುಖ ನೋಡುತ್ತಾರೆ. "ಇಂಥ 20 ವಾರ ಬಂದರೆ ಎಷ್ಟು ವಾರ ಹೀಗಾಗುತ್ತೆ?" ಎಂದು ಕೇಳಿ, ಕೈಗೆ 20 ಹುಣಸೆಬೀಜ ಕೊಡಿ. ಎರಡು ತಟ್ಟೆ ಇಡಿ, ಒಂದು "ಕುಸಿತ ಆಗುತ್ತೆ", ಇನ್ನೊಂದು "ಆಗಲ್ಲ". ಒಬ್ಬೊಬ್ಬರೂ ಬೇರೆ ಬೇರೆ ಕೂತು ಹಂಚಲಿ. ಮೊದಲು "ತೀರಾ ಕಡಿಮೆ ಅಂದ್ರೆ ಎಷ್ಟು", ಆಮೇಲೆ "ತೀರಾ ಜಾಸ್ತಿ ಅಂದ್ರೆ ಎಷ್ಟು", ಕೊನೆಗೆ "ನಿಮ್ಮ ಮನಸ್ಸಿಗೆ ಸರಿ ಅನ್ನಿಸೋದು ಎಷ್ಟು". ಈ ಕ್ರಮ ಬದಲಿಸಬೇಡಿ. ಮೊದಲೇ ಒಂದು ಅಂಕಿ ಹೇಳಿದವರು ಅದಕ್ಕೇ ಅಂಟಿಕೊಳ್ಳುತ್ತಾರೆ. ಎಲ್ಲರೂ ಬರೆದ ಮೇಲೆ ಬಾಯಿ ಬಿಟ್ಟು ಮಾತಾಡಿ, ಬೇಕಾದರೆ ಬೀಜ ಬದಲಿಸಲು ಇನ್ನೊಂದು ಅವಕಾಶ ಕೊಡಿ. ಜೋರು ದನಿಯವರನ್ನು ಕೊನೆಗೆ ಮಾತಾಡಿಸಿ.

ನಮ್ಮ ಕೆರೆಯಲ್ಲಿ ಮೀನಿನ ಗುತ್ತಿಗೆ ಹಿಡಿದಿರುವ ಅಣ್ಣ ಬೀಜ ಹಂಚುವ ಮುಂಚೆ ಒಂದು ಮಾತು ಹೇಳಿದರು. "ಮೇಡಂ, ಮಳೆ ಬಂದ ರಾತ್ರಿ ಏನಾಗಲ್ಲ. ಮಾರನೇ ದಿನ ಮೋಡ ಮುಚ್ಕೊಂಡಿದ್ರೆ, ಆ ರಾತ್ರಿ ನೋಡ್ಕೊಳ್ಳಿ. ಬೆಳಗಿನ ಜಾವ ಮೀನು ಮೇಲ್ ಬಂದು ಬಾಯಿ ಬಿಡ್ತವೆ." ಎಂಥ ಮಾತು! ಮೋಡವಿದ್ದರೆ ಪಾಚಿಗೆ ಬಿಸಿಲಿಲ್ಲ, ಹಗಲು ಆಮ್ಲಜನಕ ತುಂಬಿಕೊಳ್ಳುವುದಿಲ್ಲ. ಮಳೆ ತಂದ ಕೊಳಕು ಕೊಳೆಯಲು ಶುರುವಾಗುವುದೂ ಆಗಲೇ. ನಾವು ಅಳತೆಯ ವೇಳಾಪಟ್ಟಿಯನ್ನೇ ಬದಲಿಸಿದೆವು: ಮಳೆಯ ನಂತರದ ಮೂರೂ ಮುಂಜಾನೆ ಅಳೆಯಬೇಕು.

ಕೊನೆಗೆ ನಮ್ಮ ಪಟ್ಟಿ ಹೀಗೆ ನಿಂತಿತು. ಇದು ನಮ್ಮ ಕೆರೆಯ ಅಂದಾಜು, ದಯವಿಟ್ಟು ನಕಲು ಮಾಡಬೇಡಿ.

ಕೊಳಚೆ ಜಾಸ್ತಿ ಇರುವ ವಾರಗಳು: ನಮ್ಮ ಪುಸ್ತಕದಲ್ಲಿ 25 ವಾರಕ್ಕೆ 15, ಅಂದರೆ 0.6.
ಮೊದಲ ಜೋರು ಮಳೆಯಂಥ ಮಳೆ ಬರುವ ವಾರಗಳು: 20ಕ್ಕೆ 6, ಅಂದರೆ 0.3.
ಕುಸಿತ: ಕೊಳಚೆಯೂ ಮಳೆಯೂ ಇದ್ದರೆ 14 ಬೀಜ; ಕೊಳಚೆ ಇದ್ದು ಮಳೆ ಇಲ್ಲದಿದ್ದರೆ 5; ಕೊಳಚೆ ಕಡಿಮೆ, ಮಳೆ ಬಂದರೆ 6; ಎರಡೂ ಇಲ್ಲದಿದ್ದರೆ 1.
ಮೀನು ಸಾವು: ಕುಸಿತ ಆದರೆ 4 ಬೀಜ. ಕುಸಿತ ಇಲ್ಲದಿದ್ದರೆ ಒಂದು ಬೀಜಕ್ಕಿಂತಲೂ ಕಡಿಮೆ, 100ಕ್ಕೆ 1 ಎಂದು ಬರೆದೆವು.

ಗುಣಾಕಾರ, ಸಂಕಲನ, ಅಷ್ಟೇ

ನಾಲ್ಕೂ ಸಂದರ್ಭಗಳನ್ನು ಗುಣಿಸಿ ಕೂಡಿಸಬೇಕು. ಬೀಜಗಳನ್ನು 20ರಿಂದ ಭಾಗಿಸಿಕೊಳ್ಳಿ, 14 ಬೀಜ ಅಂದರೆ 0.7. ಕೊಳಚೆ ಕಡಿಮೆ ಇರುವ ವಾರ 0.4, ಮಳೆ ಇಲ್ಲದ ವಾರ 0.7. ಕೊಳಚೆ ಮತ್ತು ಮಳೆ: 0.6 × 0.3 × 0.7 = 0.126. ಕೊಳಚೆ ಮಾತ್ರ: 0.6 × 0.7 × 0.25 = 0.105. ಮಳೆ ಮಾತ್ರ: 0.4 × 0.3 × 0.3 = 0.036. ಎರಡೂ ಇಲ್ಲ: 0.4 × 0.7 × 0.05 = 0.014. ಕೂಡಿದರೆ 0.281. ಅಂದರೆ ಯಾವುದೇ ವಾರ ಕುಸಿತವಾಗುವ ಸಾಧ್ಯತೆ 100ಕ್ಕೆ 28.

ಮೀನು ಸಾವಿಗೆ: 0.281 × 0.2 ಮತ್ತು 0.719 × 0.01, ಕೂಡಿದರೆ ಸುಮಾರು 0.063. ವಾರಕ್ಕೆ 100ಕ್ಕೆ 6.3. ಕಡಿಮೆ ಅನ್ನಿಸುತ್ತೆ ಅಲ್ವಾ? ಎಂಟು ವಾರ ಸೇರಿಸಿ ನೋಡಿ. ಎಂಟೂ ವಾರ ಮೀನು ಸಾಯದೆ ಉಳಿಯುವುದು 0.937ನ್ನು ಎಂಟು ಸಲ ಗುಣಿಸಿದಷ್ಟು, ಅಂದರೆ 0.59. ಒಂದು ಬೇಸಿಗೆಯಲ್ಲಿ ಒಮ್ಮೆಯಾದರೂ ಮೀನು ಸಾಯುವ ಸಾಧ್ಯತೆ 100ಕ್ಕೆ 41. ಈ ಎಂಟು ಸಲದ ಗುಣಾಕಾರ ಒರಟು ಲೆಕ್ಕ. ಈ ವಾರ ಕೊಳಚೆ ಬಂದರೆ ಮುಂದಿನ ವಾರವೂ ಬರುವ ಸಂಭವ ಜಾಸ್ತಿ, ವಾರಗಳು ಒಂದಕ್ಕೊಂದು ಸಂಬಂಧವಿಲ್ಲದವಲ್ಲ. ಆದರೂ "ಏನಾಗಲ್ಲ ಬಿಡಿ" ಎನ್ನುವವರ ಮುಂದೆ ಇಡಲು ಈ ಅಂಕಿ ಬೇಕೇ ಬೇಕು.

ಈಗ ಲೆಕ್ಕವನ್ನು ಹಿಂದಕ್ಕೆ ಓಡಿಸಿ. ಮುಂಜಾನೆ ಕುಸಿತ ಕಂಡಿತು ಎಂದುಕೊಳ್ಳಿ. ಕೊಳಚೆ ಒಳಗೆ ಬರುತ್ತಿರುವ ಸಾಧ್ಯತೆ ಎಷ್ಟು? 0.126 ಮತ್ತು 0.105 ಕೂಡಿಸಿ, 0.281ರಿಂದ ಭಾಗಿಸಿ: 0.82. ಏನೂ ನೋಡದಿದ್ದಾಗ 0.6 ಇತ್ತು, ಕುಸಿತ ಕಂಡ ಮೇಲೆ 0.82. ಆ ವಾರ ಜೋರು ಮಳೆ ಬಂದಿತ್ತು ಎಂದು ಗೊತ್ತಾದರೆ ಅದು 0.78ಕ್ಕೆ ಇಳಿಯುತ್ತದೆ, ಏಕೆಂದರೆ ಸ್ವಲ್ಪ ತಪ್ಪನ್ನು ಮಳೆ ಹೊತ್ತುಕೊಂಡಿತು. ಮಳೆಯೇ ಇಲ್ಲದ ವಾರ ಕುಸಿದರೆ 0.88. ಇದರಿಂದ ನಮಗೆ ಒಂದು ನಿಯಮ ಸಿಕ್ಕಿತು: ಒಣ ವಾರದಲ್ಲಿ ಮುಂಜಾನೆಯ ಅಂಕಿ 2ಕ್ಕಿಂತ ಕೆಳಗೆ ಹೋದರೆ, ಚಹಾ ಕುಡಿಯುವ ಮುಂಚೆ ಆ ಎರಡು ಮ್ಯಾನ್‌ಹೋಲ್ ನೋಡಿ ಬರಬೇಕು.

ಯಾವ ಕೆಲಸ ಮೊದಲು

ಇಷ್ಟೆಲ್ಲ ಮಾಡುವುದು ಇದಕ್ಕಾಗಿ. ನಮ್ಮ ಮುಂದೆ ಮೂರು ಸಲಹೆ ಇದ್ದವು. ಉಕ್ಕುವ ಒಳಚರಂಡಿ ಕೊಳವೆ ದುರಸ್ತಿ ಮಾಡಿಸಿ ಕೊಳಚೆಯ ವಾರಗಳನ್ನು 0.6ರಿಂದ 0.2ಕ್ಕೆ ಇಳಿಸುವುದು. ಒಳಹರಿವಿನ ಬಾಯಲ್ಲಿ ಗೇಟ್ ಇಟ್ಟು ಮೊದಲ ಮಳೆಯ ಕೊಳಕನ್ನು ತಿರುವು ಕಾಲುವೆಗೆ ಬಿಡುವುದು. ಇದರಿಂದ ಮಳೆಯ ವಾರದ ಬೀಜಗಳು ಅರ್ಧವಾಗುತ್ತವೆ ಎಂದು ಅಂದಾಜು ಮಾಡಿದೆವು. ಮೂರನೆಯದು ಗಾಳಿ ಊದುವ ಯಂತ್ರ. ಅಣ್ಣ ಅದಕ್ಕೆ 4 ಬೀಜದಿಂದ ಒಂದೇ ಬೀಜ ಕಳೆದರು. "ಗುಡುಗು ಸಿಡಿಲು ಬಂದ ರಾತ್ರಿನೇ ಕರೆಂಟ್ ಹೋಗೋದು" ಅಂದರು. ನಿಜವೇ.

ಮತ್ತೆ ಗುಣಿಸಿದೆವು. ಏನೂ ಮಾಡದಿದ್ದರೆ ವಾರಕ್ಕೆ 6.3. ಯಂತ್ರದಿಂದ 4.9. ಗೇಟ್‌ನಿಂದ 4.8. ಕೊಳವೆ ದುರಸ್ತಿಯಿಂದ 4.4. ಗೇಟ್ ಮತ್ತು ದುರಸ್ತಿ ಎರಡೂ ಮಾಡಿದರೆ 3.3. ಎಲ್ಲರೂ ಕೇಳುತ್ತಿದ್ದದ್ದು ಯಂತ್ರ. ನೀರು ಚಿಮ್ಮುವುದು ಕಣ್ಣಿಗೆ ಕಾಣುತ್ತದೆ, ಫೋಟೋ ಬರುತ್ತದೆ. ಅದಕ್ಕಿಂತ ತೀರಾ ಕಡಿಮೆ ಖರ್ಚಿನ, ಕರೆಂಟೇ ಬೇಡದ ಗೇಟ್ ಅಷ್ಟೇ ಕೆಲಸ ಮಾಡುತ್ತದೆ ಎನ್ನುವುದು ಈ ಹಾಳೆ ಇಲ್ಲದೆ ನಮಗೆ ಹೊಳೆಯುತ್ತಿರಲಿಲ್ಲ.

ಒಂದು ಪರೀಕ್ಷೆ ತಪ್ಪಿಸಬೇಡಿ. ನಿಮಗೆ ಎಲ್ಲಕ್ಕಿಂತ ಅನುಮಾನ ಇರುವ ಅಂಕಿಯನ್ನು ಎರಡು ಪಟ್ಟು ಮಾಡಿ ನೋಡಿ. ನಮಗೆ ಅನುಮಾನ ಇದ್ದದ್ದು ಕುಸಿತವಾದಾಗ ಮೀನು ಸಾಯುವ 4 ಬೀಜದ ಮೇಲೆ. 8 ಮಾಡಿದರೆ ವಾರದ ಅಪಾಯ 6.3ರಿಂದ 12ಕ್ಕೆ ಹಾರಿತು. ಆದರೆ ಕೆಲಸಗಳ ಕ್ರಮ ಬದಲಾಗಲಿಲ್ಲ: ದುರಸ್ತಿ, ಗೇಟ್, ಯಂತ್ರ. ಅಪಾಯದ ಗಾತ್ರ ಅಲ್ಲಾಡುತ್ತಿದ್ದರೂ ಕ್ರಮ ಗಟ್ಟಿ ಇದ್ದರೆ ಧೈರ್ಯವಾಗಿ ಕೆಲಸಕ್ಕೆ ಇಳಿಯಬಹುದು. ಕ್ರಮವೇ ಉಲ್ಟಾ ಆದರೆ ನಿಲ್ಲಿಸಿ, ಮೊದಲು ಆ ಅಂಕಿಯನ್ನು ಅಳೆದು ಬನ್ನಿ.

ಕೆರೆ ನಮ್ಮನ್ನು ತಿದ್ದಿದ್ದು

ಬೀಜದ ಅಂದಾಜು ಕೊನೆಯ ಮಾತಲ್ಲ. ಅದನ್ನು 10 ವಾರದ ಅನುಭವ ಎಂದು ಎಣಿಸಿ, ಅಳತೆ ಬಂದ ಹಾಗೆ ಕೂಡಿಸುತ್ತಾ ಹೋಗಿ. "ಕೊಳಚೆ ಕಡಿಮೆ, ಮಳೆ ಬಂತು" ಎಂಬ ಸಾಲಿಗೆ ನಾವು 0.3 ಕೊಟ್ಟಿದ್ದೆವು, ಅಂದರೆ 10ಕ್ಕೆ 3. ಎರಡು ಬೇಸಿಗೆಯಲ್ಲಿ ಅಂಥ 6 ವಾರ ಸಿಕ್ಕವು, ಅದರಲ್ಲಿ 4 ಸಲ ಕುಸಿತವಾಯಿತು. ಹೊಸ ಅಂಕಿ: 3 ಮತ್ತು 4 ಕೂಡಿಸಿ, 10 ಮತ್ತು 6 ಕೂಡಿಸಿ, 16ಕ್ಕೆ 7. ಅಂದರೆ 0.44.

ನನಗೆ ಅವತ್ತು ನಿದ್ದೆ ಬರಲಿಲ್ಲ. ಕೊಳಚೆ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನೇ ಎಲ್ಲರಿಗೂ ಹೇಳಿದ್ದೆ. ಕಾಲುವೆಯ ಹೂಳಿನಲ್ಲಿ ತಿಂಗಳುಗಟ್ಟಲೆ ಕೂತ ಕೊಳಕು ಮಳೆಗೆ ಎದ್ದು ಬರುವುದನ್ನು ನಾವು ಕಡಿಮೆ ಎಣಿಸಿದ್ದೆವು. ಹೊಸ ಅಂಕಿ ಹಾಕಿ ಮತ್ತೆ ಲೆಕ್ಕ ಮಾಡಿದಾಗ, ಏನೂ ಮಾಡದಿದ್ದರೆ 6.7, ಕೊಳವೆ ದುರಸ್ತಿಯಿಂದ 5.0, ಗೇಟ್‌ನಿಂದಲೂ 5.0. ಎರಡೂ ಸರಿಸಮ. ಎರಡನೇ ಸ್ಥಾನದಲ್ಲಿದ್ದ ಗೇಟ್ ದುರಸ್ತಿಯ ಜೊತೆಗೇ ಮುಂದಕ್ಕೆ ಬಂತು. ಮಳೆಗಾಲಕ್ಕೆ ಮುಂಚೆ ಕಾಲುವೆಯ ಹೂಳು ತೆಗೆಸುವುದು ಎಂಬ ಹೊಸ ಸಲಹೆಯೂ ಹಾಳೆಗೆ ಸೇರಿತು.

ಪ್ರತಿ ಭಾನುವಾರ ಮುಂದಿನ ವಾರದ ಕುಸಿತದ ಸಾಧ್ಯತೆಯನ್ನು ಏರಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ವರ್ಷದ ಕೊನೆಗೆ "10ಕ್ಕೆ 3" ಎಂದು ಬರೆದ ವಾರಗಳನ್ನೆಲ್ಲ ಒಟ್ಟುಮಾಡಿ, ಸುಮಾರು ಹತ್ತರಲ್ಲಿ ಮೂರು ಸಲ ಆಗಿದೆಯಾ ನೋಡಿ. ತೀರಾ ಹೆಚ್ಚುಕಮ್ಮಿ ಇದ್ದರೆ ಯಾವುದೋ ಬಾಣ ಬಿಟ್ಟುಹೋಗಿದೆ.

ಒಂದು ಕೆರೆಯಿಂದ ಇಡೀ ಕಣಿವೆಗೆ ಹೋಗುವುದು ಕಷ್ಟವಲ್ಲ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಯ ಒಂದು ಚೌಕವಾಗುತ್ತದೆ. ನಡುವೆ ಜೌಗು ಇದ್ದರೆ ಅದಕ್ಕೂ ಒಂದು ಚೌಕ. ಜಕ್ಕೂರು ಕೆರೆಯಲ್ಲಿ ಕೊಳಚೆ ಶುದ್ಧೀಕರಣ ಘಟಕದಿಂದ (ಎಸ್‌ಟಿಪಿ) ಬಂದ ನೀರು ಜೊಂಡು ಬೆಳೆದ ಜೌಗು ಹಾದು ಕೆರೆ ಸೇರುತ್ತದೆ. ಅಂಥ ಕಡೆ "ಜೌಗು ಕೆಲಸ ಮಾಡುತ್ತಿದೆಯಾ" ಎನ್ನುವುದೇ ದೊಡ್ಡ ಪ್ರಶ್ನೆ. ದೊಡ್ಡ ಕಣಿವೆಯನ್ನು ತುಂಡುಗಳಾಗಿ ಮಾಡಿ, ಎಲ್ಲಿಂದ ಕೊಳಕು, ಯಾವ ಆವಾಸ, ಯಾವ ಜೀವಿಗೆ ಪೆಟ್ಟು ಎಂದು ತೂಗುವ ಕ್ರಮವನ್ನು ಅಮೆರಿಕದ ವೇಯ್ನ್ ಲ್ಯಾಂಡಿಸ್ ಮತ್ತು ಜೊತೆಯವರು 1990ರ ದಶಕದಲ್ಲಿ ರೂಪಿಸಿದರು. ಚೌಕ ಹತ್ತು ದಾಟಿದರೆ ಕೈಲೆಕ್ಕ ಬಿಡಿ. ನೆಟಿಕಾ, ಜೀನಿ ಎಂಬ ತಂತ್ರಾಂಶಗಳಿವೆ. ಆರ್ ಎಂಬ ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದರೆ ಅದರ ಬಿಎನ್‌ಲರ್ನ್ ಉಚಿತ. ನಾಲ್ಕು ಚೌಕಕ್ಕೆ ಎಕ್ಸೆಲ್ ಸಾಕು, ನಾನು ಇನ್ನೂ ಅದರಲ್ಲೇ ಇದ್ದೇನೆ.

ಶುರು ಮಾಡುವುದಾದರೆ ಮೊದಲ ಸಭೆಯನ್ನು ಫೆಬ್ರವರಿಯಲ್ಲಿ ಇಟ್ಟುಕೊಳ್ಳಿ. ನಡಿಗೆಗೆ ಎರಡು ವಾರ ಬೇಕು, ಬೀಜಕ್ಕೆ ಒಂದು ಭಾನುವಾರ. ಮಾರ್ಚ್ ಪೂರ್ತಿ ಮುಂಜಾನೆಯ ಅಳತೆ ಅಭ್ಯಾಸ ಮಾಡಿ. ಅಶ್ವಿನಿ ಮಳೆ ಬೀಳುವ ಹೊತ್ತಿಗೆ, ಏಪ್ರಿಲ್ ಮಧ್ಯಕ್ಕೆ, ಹಲಗೆಯ ಮೇಲೆ ಒಂದು ಅಂಕಿ ಇರಬೇಕು. ಮೀನು ಹಿಡಿಯುವವರನ್ನು, ದನ ಮೇಯಿಸುವವರನ್ನು, ಬೆಳಿಗ್ಗೆ ಸುತ್ತು ಹಾಕುವ ಅಜ್ಜಂದಿರನ್ನು ಬೀಜ ಹಂಚುವ ದಿನ ಮರೆಯದೆ ಕರೆಯಿರಿ. ಬೀಜ ಸ್ವಲ್ಪ ಜಾಸ್ತಿಯೇ ತನ್ನಿ. ನಮ್ಮಲ್ಲಿ ಮಕ್ಕಳು ಅರ್ಧ ಬೀಜ ಹುರಿದು ತಿಂದುಬಿಟ್ಟಿದ್ದರು.